ಕೋಳಿಮರಿಯ ಜೊತೆಗೆ ಒಂದು ಚೀಟಿಯನ್ನೂ ಕೊಡಿ

ಮಾನ್ಯ ಸಂಪಾದಕರೇ,

ಗ್ರಾಮೀಣ ಮಹಿಳೆಯರಿಗೆ ಮತ್ತು ಸ್ವಸಹಾಯ ಸಂಘಗಳ ಸದಸ್ಯರಿಗೆ ಕೋಳಿಮರಿ ವಿತರಿಸಿದ ಸುದ್ದಿ, ಚಿತ್ರಗಳು ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಆಗಾಗ ಪ್ರಕಟವಾಗುತ್ತವೆ. ಮರಿ ಹಂಚಿದ್ದು ಸುದ್ದಿಯಾಗುತ್ತದೆ, ಸಂತೋಷ. ಆದರೆ ಮೂರು ತಿಂಗಳು ಕಳೆದ ಮೇಲೆ ಆ ಮರಿಗಳಲ್ಲಿ ಎಷ್ಟು ಬದುಕಿವೆ, ಬದುಕಿದವುಗಳಲ್ಲಿ ಹೇಂಟೆ ಎಷ್ಟು, ಹುಂಜ ಎಷ್ಟು ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ಮನೆಯ ಹಿತ್ತಲಲ್ಲಿ ನಾಟಿ ಕೋಳಿ ಮತ್ತು ಗಿರಿರಾಜ ಕೋಳಿಗಳನ್ನು ಬಹುಕಾಲದಿಂದ ಸಾಕಿಕೊಂಡು ಬಂದಿರುವ ನನಗೆ ಈ ವಿಚಾರದಲ್ಲಿ ಹೇಳಬೇಕಾದದ್ದು ಒಂದಿದೆ. ಮರಿ ಕೊಡುವವರು, ಅದು ಸರ್ಕಾರವೇ ಆಗಲಿ ಖಾಸಗಿ ಮಾರಾಟಗಾರರೇ ಆಗಲಿ, ಮರಿ ಹುಟ್ಟಿದ ದಿನಾಂಕ, ಅದುವರೆಗೆ ಹಾಕಿರುವ ಲಸಿಕೆಗಳು, ಮುಂದೆ ಹಾಕಿಸಬೇಕಾದ ಲಸಿಕೆ ಮತ್ತು ಜಂತುನಾಶಕದ ದಿನಾಂಕಗಳನ್ನು ಕನ್ನಡದಲ್ಲಿ ಬರೆದ ಒಂದು ಚೀಟಿಯನ್ನು ಕಡ್ಡಾಯವಾಗಿ ಕೊಡುವಂತಾಗಬೇಕು.

ಇದೊಂದು ಸಣ್ಣ ವಿಷಯವೆಂದು ಕೆಲವರಿಗೆ ಅನ್ನಿಸಬಹುದು. 2019ರಲ್ಲಿ ನಡೆದ 20ನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಸುಮಾರು 85 ಕೋಟಿ ಕೋಳಿ ಮತ್ತಿತರ ಸಾಕುಪಕ್ಷಿಗಳಲ್ಲಿ 31.7 ಕೋಟಿಯಷ್ಟು ಹಿತ್ತಲಲ್ಲಿ ಸಾಕಿದವು, ಮತ್ತು ಹಿತ್ತಲ ಪಕ್ಷಿಗಳ ಸಂಖ್ಯೆ 2012ರ ಗಣತಿಗಿಂತ ಶೇ 46ರಷ್ಟು ಹೆಚ್ಚಾಗಿತ್ತು. ದೊಡ್ಡ ಫಾರಂಗಳಿಗೆ ಕಂಪನಿಯ ವೈದ್ಯರಿದ್ದಾರೆ, ಮೇಲ್ವಿಚಾರಕರಿದ್ದಾರೆ. ಹಿತ್ತಲ ಕೋಳಿಗೆ ಇರುವುದು ಮನೆಯ ಹೆಂಗಸರ ಕಣ್ಣು ಮಾತ್ರ. ಆ ಕಣ್ಣು ಏನನ್ನು ನೋಡಬೇಕು, ಯಾವಾಗ ನೋಡಬೇಕು ಎಂಬುದನ್ನು ಹೇಳಿಕೊಡುವವರು ಕಡಿಮೆ.

ವಿತರಣೆಯ ಮರಿಗಳು ಸಾಮಾನ್ಯವಾಗಿ ಐದಾರು ವಾರದವಾಗಿರುತ್ತವೆ. ಈ ವಯಸ್ಸಿಗೆ ಮರಿಗೆ ಪುಕ್ಕ ತುಂಬಿ ಕೃತಕ ಕಾವಿನ ಅಗತ್ಯ ಮುಗಿದಿರುವುದರಿಂದ ಸಾಕುವವರಿಗೆ ಅನುಕೂಲವೆಂಬುದು ನಿಜ. ಆದರೆ ಅಪಾಯದ ದಿನಗಳು ಕಳೆದವೆಂದು ಭಾವಿಸುವುದು ತಪ್ಪು. ರಕ್ತಭೇದಿ ಹೆಚ್ಚಾಗಿ ಕಾಡುವುದು ಮೂರರಿಂದ ಆರು ವಾರದ ಮರಿಗಳನ್ನು. ಜಂತುಹುಳುವಿನ ಮೊದಲ ಔಷಧ ಬೇಕಾಗುವುದು ಏಳನೇ ವಾರದ ಆಸುಪಾಸಿನಲ್ಲಿ. ರಾಣಿಖೇತ್ ರೋಗವೆಂದೂ ಕರೆಯುವ ಕೊಕ್ಕರೆ ರೋಗದ ಆರ್‌2ಬಿ ಲಸಿಕೆಯನ್ನು ಹಾಕಿಸಬೇಕಾದದ್ದು ಎಂಟು ವಾರ ತುಂಬಿದ ಮೇಲೆ. ಅಂದರೆ ಮರಿ ಕೈಸೇರಿದ ಎರಡು ಮೂರು ವಾರಗಳೊಳಗೆ ಅತಿಮುಖ್ಯವಾದ ಎರಡು ಕೆಲಸಗಳು ಆಗಬೇಕಾಗಿರುತ್ತವೆ, ಮತ್ತು ಮರಿ ಪಡೆದವರಿಗೆ ಅದರ ಹುಟ್ಟಿದ ದಿನವೇ ತಿಳಿದಿರುವುದಿಲ್ಲ. ನಮ್ಮ ಪಕ್ಕದ ಊರಿನಲ್ಲಿ ಹೀಗೆ ಪಡೆದ ಮರಿಗಳು ಚೆನ್ನಾಗಿ ಬೆಳೆದು, ಇನ್ನೇನು ಮೊಟ್ಟೆಗೆ ಬರಬೇಕು ಎನ್ನುವ ಹೊತ್ತಿಗೆ ಕತ್ತು ತಿರುಚಿಕೊಂಡು, ಹಸಿರು ಬಣ್ಣದ ಭೇದಿ ಮಾಡಿಕೊಂಡು ಒಂದೇ ವಾರದಲ್ಲಿ ಕೇರಿಗೆ ಕೇರಿಯೇ ಖಾಲಿಯಾಯಿತು. ಅದು ಕೊಕ್ಕರೆ ರೋಗ. ಮರಿಗೆ ಎಳೆಯ ವಯಸ್ಸಿನಲ್ಲಿ ಇದೇ ರೋಗದ ಲಸೋಟ ಲಸಿಕೆ ಹಾಕಿದ್ದರು, ಆದರೆ ಅದರ ರಕ್ಷಣೆ ಕೆಲವು ವಾರಗಳ ಮಟ್ಟಿನದು ಎಂಬುದನ್ನು ಯಾರೂ ಹೇಳಿರಲಿಲ್ಲ. ಭಾರತದಲ್ಲಿ 1920ರ ದಶಕದಲ್ಲಿ ರಾಣಿಖೇತ್‌ನಲ್ಲಿ ಗುರುತಿಸಲ್ಪಟ್ಟು ಆ ಊರಿನ ಹೆಸರನ್ನೇ ಹೊತ್ತ ಈ ರೋಗಕ್ಕೆ ಇಂದಿಗೂ ಚಿಕಿತ್ಸೆಯಿಲ್ಲ, ಲಸಿಕೆಯೊಂದೇ ದಾರಿ. ಆರ್‌2ಬಿ ಲಸಿಕೆ ಸ್ವಲ್ಪ ತೀಕ್ಷ್ಣವಾದದ್ದು, ಎಂಟು ವಾರಕ್ಕೆ ಮೊದಲು ಹಾಕಿದರೆ ಮರಿಯೇ ಕಾಯಿಲೆ ಬೀಳಬಹುದು. ಆದ್ದರಿಂದಲೇ ವಯಸ್ಸನ್ನು ಅಂದಾಜಿನಲ್ಲಿ ಹೇಳುವುದು ಸಾಲದು, ದಿನಾಂಕವೇ ಬೇಕು.

ಜಂತುಹುಳುವಿನ ವಿಚಾರದಲ್ಲಿ ಇರುವಷ್ಟು ಗೊಂದಲ ಬೇರೆ ಯಾವುದರಲ್ಲೂ ಇಲ್ಲ. ಮರಿ ಮಂಕಾಗಿ ರೆಕ್ಕೆ ಜೋತುಬಿಟ್ಟು ರಕ್ತ ಬೆರೆತ ಹಿಕ್ಕೆ ಹಾಕಿದ ಕೂಡಲೇ ಹಲವರು ಔಷಧದ ಅಂಗಡಿಗೆ ಹೋಗಿ ಜಂತುಹುಳುವಿನ ಔಷಧ ತಂದು ಕುಡಿಸುತ್ತಾರೆ. ರಕ್ತಭೇದಿ ಹುಳುವಿನಿಂದ ಬರುವುದಲ್ಲ. ವೈದ್ಯರು ಕಾಕ್ಸಿಡಿಯೋಸಿಸ್ ಎಂದು ಕರೆಯುವ ಈ ರೋಗಕ್ಕೆ ಕಾರಣ ಕರುಳಿನ ಗೋಡೆಯೊಳಗೆ ಬೆಳೆಯುವ, ಬರಿಗಣ್ಣಿಗೆ ಕಾಣದ ಏಕಕೋಶ ಜೀವಿ. ಇದಕ್ಕೆ ಆಂಪ್ರೋಲಿಯಂನಂಥ ಬೇರೆಯದೇ ಔಷಧ ಬೇಕು, ಅದನ್ನೂ ತಡಮಾಡದೆ ಕೊಡಬೇಕು. ಹುಳುವಿನ ಔಷಧ ಕೊಟ್ಟು ನಾಳೆ ಸರಿಹೋಗಬಹುದೆಂದು ಕಾಯುತ್ತಾ ಕುಳಿತರೆ ಮರಿ ಕೈತಪ್ಪುತ್ತದೆ. ಈ ಜೀವಿಯ ಮೊಟ್ಟೆಗಳು ಹಿಕ್ಕೆಯೊಡನೆ ಹೊರಬಿದ್ದು, ತೇವ ಮತ್ತು ಬೆಚ್ಚಗಿನ ವಾತಾವರಣ ಸಿಕ್ಕರೆ ಒಂದೆರಡು ದಿನಗಳಲ್ಲೇ ಇತರ ಮರಿಗಳಿಗೆ ಅಂಟಲು ಸಿದ್ಧವಾಗುತ್ತವೆ. ಗೂಡಿನಲ್ಲಿ ಹಾಸಿರುವ ಭತ್ತದ ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಅಮುಕಿ ಕೈ ಬಿಚ್ಚಿ ನೋಡಿದರೆ ಸಾಕು: ಉದುರಿದರೆ ಚಿಂತೆಯಿಲ್ಲ, ಉಂಡೆಯಾಗಿ ನಿಂತರೆ ಅದೇ ದಿನ ಆ ಭಾಗದ ಹೊಟ್ಟನ್ನು ತೆಗೆದುಹಾಕಿ ಒಣ ಹೊಟ್ಟನ್ನು ಹರಡಬೇಕು. ನೀರಿನ ತಟ್ಟೆಯ ಸುತ್ತಲಿನ ಜಾಗ ಯಾವಾಗಲೂ ಮೊದಲು ಕೆಡುತ್ತದೆ. ತಟ್ಟೆಯನ್ನು ಮರಿಯ ಬೆನ್ನಿನ ಎತ್ತರಕ್ಕೆ ಇಟ್ಟಿಗೆಯ ಮೇಲೆ ಇಟ್ಟರೆ ಚೆಲ್ಲುವುದೂ ಕಡಿಮೆ, ಅದರೊಳಗೆ ಹಿಕ್ಕೆ ಬೀಳುವುದೂ ಕಡಿಮೆ.

ಇನ್ನು ನಿಜವಾದ ಜಂತುಹುಳುಗಳು. ಕೋಳಿ ಕೊಯ್ದು ಶುಚಿ ಮಾಡುವಾಗ ಸಣ್ಣಕರುಳಿನಲ್ಲಿ ಶ್ಯಾವಿಗೆಯಂತೆ ಕಾಣುವ, ಬೆರಳುದ್ದದ ಬಿಳಿಯ ದುಂಡುಹುಳುಗಳನ್ನು ಹಳ್ಳಿಯವರೆಲ್ಲ ನೋಡಿಯೇ ಇರುತ್ತಾರೆ. ಇದರ ಮೊಟ್ಟೆ ಹಿಕ್ಕೆಯ ಮೂಲಕ ಮಣ್ಣು ಸೇರಿ, ಎರಡು ವಾರಗಳ ಆಸುಪಾಸಿನಲ್ಲಿ ಬಲಿತು, ಕೆದಕಿ ತಿನ್ನುವ ಮರಿಯ ಹೊಟ್ಟೆ ಸೇರುತ್ತದೆ. ಅಲ್ಲಿ ಮರಿಹುಳುಗಳು ಮೊದಲು ಕರುಳಿನ ಒಳಪದರದಲ್ಲಿ ಹುದುಗಿದ್ದು, ಆಮೇಲೆ ಹೊರಬಂದು ಬೆಳೆದು ತಾವೂ ಮೊಟ್ಟೆಯಿಡುವ ಹೊತ್ತಿಗೆ ಐದರಿಂದ ಎಂಟು ವಾರ ಹಿಡಿಯುತ್ತದೆ. ಆದ್ದರಿಂದ ಮೂರು ವಾರದ ಮರಿಗೆ ಹುಳುವಿನ ಔಷಧ ಕುಡಿಸುವುದರಲ್ಲಿ ಹೆಚ್ಚಿನ ಅರ್ಥವಿಲ್ಲ. ಹಾಗೆಯೇ, ನಾಲ್ಕು ತಿಂಗಳಾದರೂ ಕೊಡದೆ ಬಿಡುವುದು ಮರಿಯ ಬೆಳವಣಿಗೆಯನ್ನೇ ಕೈಬಿಟ್ಟಂತೆ. ಮೂರು ತಿಂಗಳು ದಾಟಿದ ಕೋಳಿ ಈ ಹುಳುವನ್ನು ಒಂದು ಮಟ್ಟಿಗೆ ತಡೆದುಕೊಳ್ಳುತ್ತದೆ, ಅದಕ್ಕಿಂತ ಎಳೆಯದಕ್ಕೆ ಆ ಶಕ್ತಿಯಿಲ್ಲ. ದೊಡ್ಡ ಕೋಳಿಗಳು ಓಡಾಡಿ ಹಿಕ್ಕೆ ಹಾಕಿದ ನೆರಳಿನ ಜಾಗದಲ್ಲೇ ಮರಿಗಳನ್ನೂ ಬಿಡುವ ನಮ್ಮ ಪದ್ಧತಿಯಿಂದ ಹುಳುವಿನ ಮೊಟ್ಟೆಗಳು ಸಲೀಸಾಗಿ ಮರಿಗಳಿಗೆ ದಾಟುತ್ತವೆ. ಸಾಧ್ಯವಿದ್ದವರು ಮರಿಗಳಿಗೆ ಬಿಸಿಲು ಬೀಳುವ ಬೇರೆ ಮೂಲೆಯೊಂದನ್ನು ಬೇಲಿ ಕಟ್ಟಿ ಮೀಸಲಿಡಲಿ. ಒಣಮಣ್ಣು ಮತ್ತು ನೇರ ಬಿಸಿಲಿನಲ್ಲಿ ಈ ಮೊಟ್ಟೆಗಳು ಹೆಚ್ಚು ಕಾಲ ಉಳಿಯುವುದಿಲ್ಲ.

ಹುಳು ಬಿದ್ದಿರುವುದನ್ನು ತಿಳಿಯುವುದು ಹೇಗೆ ಎಂದು ಕೇಳುವವರಿಗೆ ನಾನು ಹೇಳುವುದು ಮರಿಯನ್ನು ಕೈಗೆತ್ತಿಕೊಳ್ಳಿ ಎಂದು. ದೂರದಿಂದ ಪುಕ್ಕ ಉಬ್ಬಿಸಿಕೊಂಡು ದುಂಡಗೆ ಕಾಣುವ ಮರಿಯ ಎದೆಯ ಮೇಲೆ ಬೆರಳಾಡಿಸಿದರೆ ಎದೆಮೂಳೆ ಚೂರಿಯ ಅಲಗಿನಂತೆ ಸಿಗುತ್ತದೆ, ಎರಡೂ ಬದಿಯಲ್ಲಿ ಮಾಂಸವಿರುವುದಿಲ್ಲ. ಜುಟ್ಟು ಮತ್ತು ಮುಖ ಬಿಳಿಚಿಕೊಂಡಿರುತ್ತವೆ. ಒಂದೇ ಕಾವಿನಲ್ಲಿ ಹುಟ್ಟಿದ ಮರಿಗಳಲ್ಲಿ ಕೆಲವು ಎದ್ದುಕಾಣುವಷ್ಟು ಹಿಂದೆ ಬಿದ್ದಿರುತ್ತವೆ, ಮೇವು ತಿಂದರೂ ಮೈ ಹತ್ತುವುದಿಲ್ಲ. ಇಷ್ಟು ಕಂಡರೆ ನಾಲ್ಕೈದು ಮರಿಗಳ ಆಗತಾನೇ ಬಿದ್ದ ಹಿಕ್ಕೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ಪಶು ಆಸ್ಪತ್ರೆಗೆ ಒಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿಸಬೇಕು. ಯಾವ ಹುಳು ಎಂಬುದರ ಮೇಲೆ ಯಾವ ಔಷಧ ಎಂಬುದು ನಿಂತಿದೆ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಪೈಪರಜೀನ್ ದುಂಡುಹುಳುವಿಗೆ ಸರಿ, ಲಾಡಿಹುಳುವಿಗೆ ಅದರಿಂದ ಏನೂ ಆಗುವುದಿಲ್ಲ. ಲಾಡಿಹುಳು ಬರುವ ದಾರಿಯೇ ಬೇರೆ. ಇರುವೆ, ಜೀರುಂಡೆ, ನೊಣಗಳನ್ನು ಮರಿ ಹೆಕ್ಕಿ ತಿಂದಾಗ ಅದು ಒಳಸೇರುತ್ತದೆ. ಹಿಕ್ಕೆಯ ಮೇಲೆ ಅಕ್ಕಿಯ ನುಚ್ಚಿನಂಥ ಬಿಳಿಯ ತುಣುಕುಗಳು ಕಂಡರೆ ಅದರ ಗುಮಾನಿ ಪಡಬೇಕು.

ಔಷಧ ಕೊಡುವ ರೀತಿಯಲ್ಲಿಯೂ ಎಚ್ಚರ ಬೇಕು. ಪ್ರಮಾಣ ನಿರ್ಧಾರವಾಗುವುದು ಮರಿಗಳ ತೂಕದ ಮೇಲೆ, ತಲೆಯೆಣಿಕೆಯ ಮೇಲಲ್ಲ. ಆದ್ದರಿಂದ ಎರಡು ಮೂರು ಮರಿಗಳನ್ನಾದರೂ ತಕ್ಕಡಿಯಲ್ಲಿಟ್ಟು ತೂಗಿಕೊಂಡು ವೈದ್ಯರಿಗೆ ತಿಳಿಸುವುದು ಒಳ್ಳೆಯದು. ಬೆಳಗ್ಗೆ ಗೂಡಿನ ಬಾಗಿಲು ತೆರೆಯದೆ, ಒಂದೆರಡು ಗಂಟೆ ನೀರು ಕೊಡದೆ ಬಾಯಾರಿಸಿ, ಬೇಗನೆ ಕುಡಿದು ಮುಗಿಸುವಷ್ಟೇ ನೀರಿನಲ್ಲಿ ಔಷಧ ಬೆರೆಸಿ ಇಡಬೇಕು. ಮಳೆಗಾಲದಲ್ಲಿ ಮರಿಗಳನ್ನು ಹೊರಗೆ ಬಿಟ್ಟು ಔಷಧದ ನೀರನ್ನು ಅಂಗಳದಲ್ಲಿಟ್ಟರೆ ಅವು ಹೊಂಡದ ನೀರು ಕುಡಿದು ಬರುತ್ತವೆ, ಔಷಧ ತಟ್ಟೆಯಲ್ಲೇ ಉಳಿಯುತ್ತದೆ. ಮಾರನೆಯ ದಿನ ಗೂಡಿನ ಹಿಕ್ಕೆಯನ್ನೆಲ್ಲ ಗುಡಿಸಿ ಕೋಳಿಗಳು ಕೆದಕದ ಗುಂಡಿಗೆ ಹಾಕಿ ಮುಚ್ಚಬೇಕು, ಇಲ್ಲದಿದ್ದರೆ ಹೊರಬಿದ್ದ ಹುಳುವಿನ ಮೊಟ್ಟೆಗಳು ಮತ್ತೆ ಒಳಹೋಗುತ್ತವೆ. ಪೈಪರಜೀನ್‌ನಂಥ ಔಷಧ ಬೆಳೆದ ಹುಳುಗಳನ್ನು ಹೊರಹಾಕುತ್ತದೆಯೇ ಹೊರತು ಕರುಳಿನ ಪದರದಲ್ಲಿ ಅಡಗಿದ ಮರಿಹುಳುಗಳ ಮೇಲೆ ಅಷ್ಟಾಗಿ ಕೆಲಸ ಮಾಡದ ಕಾರಣ ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ಕೊಡಬೇಕಾಗುತ್ತದೆ. ಅನಂತರ ಎರಡು ಮೂರು ತಿಂಗಳಿಗೊಮ್ಮೆ ಸಾಕು. ಆರ್‌2ಬಿ ಲಸಿಕೆಗೆ ಒಂದು ವಾರ ಮೊದಲು ಹುಳು ತೆಗೆದಿದ್ದರೆ ಲಸಿಕೆ ಚೆನ್ನಾಗಿ ಹಿಡಿಯುತ್ತದೆ ಎಂಬುದು ಪಶುವೈದ್ಯರು ಸಾಮಾನ್ಯವಾಗಿ ಕೊಡುವ ಸಲಹೆ. ಬೇವಿನ ಸೊಪ್ಪು, ಬೆಳ್ಳುಳ್ಳಿ, ಕುಂಬಳದ ಬೀಜಗಳನ್ನು ಕೊಡುವವರು ಕೊಡಲಿ, ನಷ್ಟವಿಲ್ಲ. ಆದರೆ ಎದೆಮೂಳೆ ಎದ್ದ ಮರಿಗೆ ಅಷ್ಟನ್ನೇ ನೆಚ್ಚಿಕೊಳ್ಳುವುದನ್ನು ನಾನು ಒಪ್ಪಲಾರೆ.

ಮೇವಿನ ಬಗ್ಗೆ ಒಂದೇ ಮಾತು. ನುಚ್ಚು ಮತ್ತು ಮಿಕ್ಕ ಅನ್ನದಲ್ಲಿ ಮರಿಗೆ ಬೇಕಾದ ಸಸಾರಜನಕವಿಲ್ಲ, ಮೊದಲ ಎರಡು ತಿಂಗಳಲ್ಲಿ ಶೇ 20ರಷ್ಟು ಸಸಾರಜನಕವಿರುವ ಮರಿಯ ಮೇವು ಅಥವಾ ಅದಕ್ಕೆ ಸಮೀಪವಾದ ಮಿಶ್ರಣ ಬೇಕು. ಅಗ್ಗವೆಂದೋ ಮನೆಯಲ್ಲಿದೆಯೆಂದೋ ಮೊಟ್ಟೆ ಕೋಳಿಯ ಮೇವನ್ನು ಮರಿಗಳಿಗೆ ಹಾಕಬಾರದು, ಅದರಲ್ಲಿರುವ ಹೆಚ್ಚಿನ ಸುಣ್ಣದಂಶ ಮರಿಗಳ ಮೂತ್ರಪಿಂಡವನ್ನು ಕೆಡಿಸುತ್ತದೆ.

ಹುಂಜ ಮತ್ತು ಹೇಂಟೆಗಳನ್ನು ಗುರುತಿಸುವ ಪ್ರಶ್ನೆಯೂ ಹಣದ ಪ್ರಶ್ನೆಯೇ. ಮೊಟ್ಟೆಯ ಆಸೆಗೆ ಮರಿ ಕೊಂಡವರು ತಿಂಗಳುಗಟ್ಟಲೆ ಮೇವು ಹಾಕಿದ ಮೇಲೆ ಅರ್ಧಕ್ಕಿಂತ ಹೆಚ್ಚು ಹುಂಜಗಳೆಂದು ತಿಳಿದು ಹಣೆ ಚಚ್ಚಿಕೊಳ್ಳುವುದನ್ನು ಕಾಣುತ್ತೇವೆ. ಜಾತ್ರೆಗಳಲ್ಲಿ, ಸಂತೆಗಳಲ್ಲಿ ಗುಲಾಬಿ, ಹಸಿರು, ನೇರಳೆ ಬಣ್ಣ ಅದ್ದಿ ಬುಟ್ಟಿಯಲ್ಲಿ ತುಂಬಿ ಮಾರುವ ಮರಿಗಳ ವಿಚಾರವಂತೂ ಎಲ್ಲ ತಂದೆತಾಯಿಗಳಿಗೂ ತಿಳಿದಿರಬೇಕು. ಮೊಟ್ಟೆ ಕೋಳಿಯ ಹ್ಯಾಚರಿಗಳಲ್ಲಿ ಮೊದಲ ದಿನವೇ ಗಂಡು ಹೆಣ್ಣು ಬೇರ್ಪಡಿಸಿ, ಹೆಣ್ಣುಗಳನ್ನು ಫಾರಂಗಳಿಗೆ ಕಳಿಸಿದ ಮೇಲೆ ಉಳಿದ ಗಂಡುಗಳೇ ಬಹುಪಾಲು ಹೀಗೆ ಬಣ್ಣ ಹೊತ್ತು ಬೀದಿಗೆ ಬರುತ್ತವೆ. ಕಾವಿಲ್ಲದೆ, ನೀರಿಲ್ಲದೆ ಬುಟ್ಟಿಯಲ್ಲಿ ನಲುಗಿದ ಆ ಮರಿಗಳಲ್ಲಿ ಹೆಚ್ಚಿನವು ಬದುಕುವುದಿಲ್ಲ, ಬದುಕಿದರೂ ಮೊಟ್ಟೆಯಿಡುವುದಿಲ್ಲ. ಬಣ್ಣ ಅದ್ದಿ ಮಾರುವುದನ್ನು ನಿಲ್ಲಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಒಂದು ದಿನದ ಮರಿಯ ಲಿಂಗವನ್ನು ಗುದದ್ವಾರ ಪರೀಕ್ಷಿಸಿ ಹೇಳುವ ವಿದ್ಯೆ 1920ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡಿತು. ಅದಕ್ಕೆ ದೀರ್ಘ ತರಬೇತಿ ಬೇಕು, ಅರಿಯದವರು ಪ್ರಯತ್ನಿಸಿದರೆ ಮರಿಯ ಕರುಳಿಗೆ ಪೆಟ್ಟಾಗುತ್ತದೆ. ರೆಕ್ಕೆಯ ಗರಿಗಳ ಉದ್ದ ನೋಡಿ ಹೇಳುವ ಕ್ರಮ ಅದಕ್ಕೆಂದೇ ಸಂಕರ ಮಾಡಿದ ತಳಿಗಳಿಗೆ ಮಾತ್ರ ಅನ್ವಯಿಸುತ್ತದೆ, ನಮ್ಮ ನಾಟಿ ಮರಿಗಳ ಮೇಲೆ ಅದನ್ನು ಪ್ರಯೋಗಿಸಿ ಭರವಸೆ ಕೊಡುವ ಮಾರಾಟಗಾರರನ್ನು ನಂಬಬೇಕಿಲ್ಲ. ಚೂಪು ಮೊಟ್ಟೆಯಲ್ಲಿ ಹುಂಜ, ಗುಂಡು ಮೊಟ್ಟೆಯಲ್ಲಿ ಹೇಂಟೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಈಗಲೂ ಇದೆ. ಮೊಟ್ಟೆಗೆ ಆಕಾರ ಬರುವುದು ತಾಯಿಕೋಳಿಯ ಅಂಡನಾಳದಲ್ಲಿ. ಮರಿ ಗಂಡೋ ಹೆಣ್ಣೋ ಎಂಬುದು ಅದಕ್ಕೂ ಮೊದಲೇ, ತಾಯಿಯ ವರ್ಣತಂತುವಿನಿಂದ ತೀರ್ಮಾನವಾಗಿರುತ್ತದೆ. ಕಾವಿಗೆ ಇಡುವ ಮೊಟ್ಟೆ ಆರಿಸುವಾಗ ತೀರ ಚೂಪಾದದ್ದನ್ನೂ ತೀರ ಗುಂಡಾದದ್ದನ್ನೂ ಬಿಡುವುದು ಸರಿಯೇ, ಆದರೆ ಕಾರಣ ಬೇರೆ, ಅಂಥವು ಸರಿಯಾಗಿ ಮರಿಯಾಗುವುದು ಕಡಿಮೆ.

ಮನೆಯಲ್ಲಿ ನೋಡಿ ತಿಳಿಯಬಹುದಾದ ಗುರುತುಗಳು ಆರನೇ ವಾರದಿಂದ ಶುರುವಾಗುತ್ತವೆ. ಒಂದೇ ವಯಸ್ಸಿನ, ಒಂದೇ ತಳಿಯ ಮರಿಗಳನ್ನು ಪಕ್ಕಪಕ್ಕದಲ್ಲಿ ನೋಡಬೇಕು. ಹುಂಜವಾಗುವ ಮರಿಯ ಜುಟ್ಟು ಬೇಗ ಕೆಂಪೇರಿ ದಪ್ಪವಾಗುತ್ತದೆ, ಕೊಕ್ಕಿನ ಕೆಳಗಿನ ತೊಗಲು ಜೋತುಬೀಳತೊಡಗುತ್ತದೆ, ಕಾಲು ದಪ್ಪ, ನಿಲುವು ನೆಟ್ಟಗೆ. ಹೇಂಟೆಯ ಜುಟ್ಟು ಮಾಸಲು ಹಳದಿಯಾಗಿಯೇ ಬಹಳ ದಿನ ಉಳಿಯುತ್ತದೆ. ಆದರೆ ಕಾಳಗದ ತಳಿಯ ರಕ್ತವಿರುವ ಮರಿಗಳಲ್ಲಿ ಜುಟ್ಟೇ ಚಿಕ್ಕದು, ಅದನ್ನು ನೋಡಿ ಹೇಳಿದರೆ ಮೋಸಹೋಗುತ್ತೇವೆ. ಹುಳುಬಿದ್ದ ಹುಂಜದ ಜುಟ್ಟೂ ಬಿಳಿಚಿಕೊಂಡು ಹೇಂಟೆಯಂತೆ ಕಾಣುವುದುಂಟು. ನಂಬಿಕೆಗೆ ಅರ್ಹವಾದ ಗುರುತು ಹನ್ನೆರಡನೇ ವಾರದ ಹೊತ್ತಿಗೆ ಸಿಗುತ್ತದೆ. ಮರಿಯನ್ನು ಬಗಲಲ್ಲಿ ಹಿಡಿದುಕೊಂಡು ಬಾಲದ ಬುಡದ ಮುಂದೆ, ಸೊಂಟದ ಎರಡೂ ಬದಿಗೆ ಇಳಿಬೀಳುವ ಪುಕ್ಕಗಳಲ್ಲಿ ಒಂದನ್ನು ಬೆರಳ ಮೇಲೆ ಹರಡಿ ನೋಡಬೇಕು. ಉದ್ದವಾಗಿ, ಕಿರಿದಾಗಿ, ತುದಿ ಚೂಪಾಗಿ ಮಿರುಗುತ್ತಿದ್ದರೆ ಹುಂಜ. ಅಗಲವಾಗಿದ್ದು ತುದಿ ದುಂಡಗಿದ್ದರೆ ಹೇಂಟೆ. ಕತ್ತಿನ ಪುಕ್ಕಗಳಲ್ಲೂ ಇದೇ ವ್ಯತ್ಯಾಸ ಕಾಣುತ್ತದೆ. ಕೂಗನ್ನು ಕಾಯುವವರು ಕಾಯಬಹುದು, ಆದರೆ ಗುಂಪಿನಲ್ಲಿ ಬಲವಾದ ಹುಂಜವೊಂದಿದ್ದರೆ ಉಳಿದವು ತಿಂಗಳುಗಟ್ಟಲೆ ತುಟಿ ಬಿಚ್ಚದೆ ಹೇಂಟೆಗಳ ನಡುವೆ ಸಭ್ಯರಂತೆ ಓಡಾಡಿಕೊಂಡಿರುತ್ತವೆ.

ಗುರುತು ಸಿಕ್ಕ ಮೇಲೆ ಹುಂಜಗಳನ್ನು ಬೇರೆ ಮಾಡುವುದರಿಂದ ಲಾಭವಿದೆ. ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಹೆಚ್ಚಾದರೆ ಅವು ಪರಸ್ಪರ ಕಾದಾಡಿ, ಎಳೆಯ ಹೇಂಟೆಗಳ ಬೆನ್ನಿನ ಪುಕ್ಕ ಕಿತ್ತು, ಮೇವಿನ ತಟ್ಟೆಯ ಬಳಿ ಅವನ್ನು ಬರಗೊಡುವುದಿಲ್ಲ. ಬೇರೆ ಇಟ್ಟು ಬೆಳೆಸಿದ ನಾಟಿ ಹುಂಜಕ್ಕೆ ಯುಗಾದಿಯ ಮರುದಿನದ ಹೊಸತೊಡಕಿಗೆ, ಊರ ಮಾರಿಹಬ್ಬಕ್ಕೆ ಎಂಥ ಬೆಲೆ ಬರುತ್ತದೆಂದು ಹಳೇ ಮೈಸೂರಿನ ಕಡೆಯವರಿಗೆ ಹೇಳಬೇಕಾದ್ದಿಲ್ಲ.

ಪಶುಸಂಗೋಪನಾ ಇಲಾಖೆಯವರಲ್ಲಿ ಮತ್ತೊಂದು ನಿವೇದನೆ. ಚೀಟಿ ಕೊಟ್ಟು, ದಿನಾಂಕ ಬರೆದು, ಲಸಿಕೆ ಹಾಕಿಸಿ ಎಂದರೆ ಹತ್ತಿಪ್ಪತ್ತು ಕೋಳಿಯಿರುವ ಮನೆಯವರು ಎಲ್ಲಿಗೆ ಹೋಗಬೇಕು? ಲಸಿಕೆಯ ಸೀಸೆಗಳು ನೂರು ಅಥವಾ ಅದಕ್ಕಿಂತ ಹೆಚ್ಚು ಕೋಳಿಗಳ ಲೆಕ್ಕದವು, ಶೀತದಲ್ಲೇ ಇರಬೇಕು, ಒಮ್ಮೆ ದ್ರಾವಣದಲ್ಲಿ ಕರಗಿಸಿದರೆ ಒಂದೆರಡು ಗಂಟೆಗಳೊಳಗೆ ಬಳಸಿ ಮುಗಿಸಬೇಕು. ಒಬ್ಬರ ಮನೆಗೆಂದು ಸೀಸೆ ಒಡೆಯಲು ಆಸ್ಪತ್ರೆಯವರು ಹಿಂಜರಿಯುವುದು ಸಹಜವೇ. ಹಾಗಾಗಿ ಮರಿ ವಿತರಿಸಿದ ಊರುಗಳಲ್ಲಿ ಎಲ್ಲ ಮರಿಗಳ ಎಂಟನೇ ವಾರ ಒಟ್ಟಿಗೆ ಬರುವುದನ್ನೇ ಅನುಕೂಲ ಮಾಡಿಕೊಂಡು, ಊರಿಗೆ ಒಂದು ದಿನ ಗೊತ್ತುಮಾಡಿ, ಜಾನುವಾರುಗಳ ಆರೈಕೆಯಲ್ಲಿ ತರಬೇತಿ ಪಡೆದ ಹಳ್ಳಿಯ ಮಹಿಳೆಯರಾದ ಪಶುಸಖಿಯರ ನೆರವಿನಿಂದ ಎಲ್ಲರ ಕೋಳಿಗಳಿಗೂ ಲಸಿಕೆ ಹಾಕಬಹುದು. ಅದಕ್ಕೆ ಒಂದು ವಾರ ಮೊದಲು ಜಂತುನಾಶಕವನ್ನು ಸಣ್ಣ ಸೀಸೆಗಳಲ್ಲಿ ಹಂಚಬಹುದು. ಈಗ ಸಿಗುವ ದೊಡ್ಡ ಡಬ್ಬಗಳು ಫಾರಂನವರ ಅಳತೆಯವು. ಆ ದಿನಾಂಕವನ್ನು ಹಾಲಿನ ಡೇರಿಯ ಕಪ್ಪುಹಲಗೆಯ ಮೇಲೆ ಬರೆಸಿದರೆ ಬೆಳಗ್ಗೆ ಹಾಲು ಹಾಕಲು ಬರುವ ಎಲ್ಲರಿಗೂ ತಿಳಿಯುತ್ತದೆ. ಲಸಿಕೆ ಹಾಕುವವರು ಮಾತ್ರ ಹೊತ್ತು ಮೂಡುವ ಮೊದಲೇ ಬರಬೇಕು, ಅಥವಾ ಕೋಳಿಗಳನ್ನು ಮಕ್ಕರಿಯಡಿ ಮುಚ್ಚಿದ ಮೇಲೆ ಸಂಜೆ ಬರಬೇಕು. ಕಚೇರಿಯ ಸಮಯಕ್ಕೆ ಬಂದರೆ ಕೋಳಿಗಳೆಲ್ಲ ಹಿತ್ತಲು ದಾಟಿ ಹೊಲ ಸೇರಿರುತ್ತವೆ.

ಇಂತಿ,
ಹಿತ್ತಲ ಕೋಳಿ ಸಾಕುವ ಓದುಗ
ನಾಗಮಂಗಲ ತಾಲ್ಲೂಕು, ಮಂಡ್ಯ ಜಿಲ್ಲೆ